ಬಿಳಿ ಐದು

ಮಂಡಕ್ಕಿ ಭಟ್ಟಿಯ ಹಿಂದಿನ ಓಣಿಯಲ್ಲಿ ನನ್ನ ಕೋಣೆ.
ಹೊಟ್ಟಿನ ಹೊಗೆ ಗೋಡೆಗಷ್ಟೇ ಅಂಟಿ ಸುಮ್ಮನಾಗದು,
ಪೆಟ್ಟಿಗೆಯ ಒಳಹೊಕ್ಕು ರೀಡುಗಳ ನಾಲಿಗೆಗೂ ಕೂರುತ್ತದೆ.
ತಿಂಗಳಿಗೊಮ್ಮೆ ಹಲಗೆ ಬಿಚ್ಚಿ
ಹಳೇ ಪಂಚೆಯ ಚಿಂದಿಯಲ್ಲಿ ಒಂದೊಂದನ್ನೇ ಒರೆಸುತ್ತೇನೆ,
ಕೂಸಿನ ಬಾಯಿ ಒರೆಸಿದ ಹಾಗೆ.
ಒಂದು ರೀಡು ಮಾತ್ರ ಎಷ್ಟು ಒರೆಸಿದರೂ ಕೆಮ್ಮುತ್ತದೆ,
ಮಂದ್ರದ ನಿಷಾದ.
ಅದರ ಮೇಲೆ ಬೆರಳು ನಿಲ್ಲಿಸದೆ ಜಾರಿ ದಾಟುವುದನ್ನು
ಕಲಿತು ಬಹಳ ವರ್ಷವಾಯಿತು.
ಕೇಳಿದವರು ಅದನ್ನು ನನ್ನ ಶೈಲಿ ಎನ್ನುತ್ತಾರೆ.

ಸಾಲದ ಅರ್ಜಿ ತುಂಬುತ್ತ ಬ್ಯಾಂಕಿನ ಹುಡುಗಿ ಕೇಳಿದಳು: ಉದ್ಯೋಗ?
ಸಾಥ್ ಕೊಡುವುದು, ಅಂದೆ.
ಯಾರಿಗೆ?
ಹಾಡುವವರಿಗೆ.
ಆಕೆ ಮೂರು ಚೌಕ ಬಿಟ್ಟು ನಾಲ್ಕನೆಯದಕ್ಕೆ ಗುರುತು ಹಾಕಿದಳು: ಇತರೆ.
ಇಪ್ಪತ್ತೊಂಬತ್ತು ವರ್ಷದ ಇತರೆ.

ನಾವು ಮೂವರು. ಹಾಡಲು ಹಾಲಮ್ಮ,
ತಬಲಾಕ್ಕೆ ಬುಡೇನ್‌ಸಾಬರು, ಪೆಟ್ಟಿಗೆಗೆ ನಾನು, ಅಜ್ಜಯ್ಯ.
ಹರಕೆಯ ಹೆಸರು. ಇಪ್ಪತ್ತರಲ್ಲಿ ಕೇಳಿ ನಗುತ್ತಿದ್ದವರು
ಈಗ ನಗುವುದಿಲ್ಲ; ಹೆಸರಿಗೆ ತಕ್ಕ ಹಾಗೆ ತಲೆ ಬೆಳ್ಳಗಾಗಿದೆ.
ಮಂಡಿಪೇಟೆಯ ಜವಳಿ ಅಂಗಡಿಯ ಮಹಡಿ,
ಮಠದ ಅಮಾವಾಸ್ಯೆ, ದಂತವೈದ್ಯರ ಮಗಳ ಆರತಕ್ಷತೆ:
ಐಸ್‌ಕ್ರೀಮಿನ ಸಾಲು ನಮ್ಮ ಮುಂದೆಯೇ ಹಾದು
ಯಾರದೋ ಮಗು ತಬಲಾದ ಮೇಲೆ ಚಮಚ ಬೀಳಿಸಿತು.
ಬುಡೇನ್‌ಸಾಬರು ಅದನ್ನೂ ತಿಹಾಯಿಗೆ ಸೇರಿಸಿಕೊಂಡರು.

ಲಕೋಟೆಯಲ್ಲಿ ಸಾವಿರದ ಐನೂರಾ ಒಂದು.
ಹಾಡುವವರಿಗೆ ಹೆಚ್ಚು, ಅದು ಲೋಕದ ರೂಢಿ;
ಹಾಲಮ್ಮನ ರೂಢಿ ಬೇರೆ.
ಹಳೇ ಬಸ್‌ಸ್ಟ್ಯಾಂಡಿನ ದೀಪದ ಕೆಳಗೆ ಐನೂರು, ಐನೂರು, ಐನೂರು.
ಮಿಕ್ಕ ಒಂದು ರೂಪಾಯಿ ಬುಡೇನ್‌ಸಾಬರ ಸುತ್ತಿಗೆಯ ಚೀಲಕ್ಕೆ.
ಮರುದಿನ ನಾಲ್ಕು ಗಂಟೆಗೆ ಪಾಠದ ಮಕ್ಕಳು,
ಅವರ ತಾಯಂದಿರು ಸ್ಕೂಟಿ ಬಂದ್ ಮಾಡದೆ ಕಾಯುತ್ತಾರೆ.

ಹೋದ ಏಪ್ರಿಲಿನಲ್ಲಿ ಚಿತ್ರದುರ್ಗ.
ಕೋಟೆಯ ಕೆಳಗೆ ಒಬ್ಬ ವಕೀಲರ ಪಡಸಾಲೆ,
ಹಗಲಿನ ಬಿಸಿಲನ್ನು ಬಂಡೆ ಕಿಟಕಿಯಿಂದ ಇನ್ನೂ ಕಳಿಸುತ್ತಿತ್ತು.
ಇಪ್ಪತ್ತಾರು ಜನ, ಅದರಲ್ಲಿ ಒಂಬತ್ತು ಮಂದಿ ಮನೆಯವರೇ.
ಯಮನ್. ತಾರದ ಗಾಂಧಾರಕ್ಕೆ ಏರಿದ ಹಾಲಮ್ಮ
ಹೊಸ್ತಿಲಲ್ಲಿ ಚಪ್ಪಲಿ ಹುಡುಕುವವಳಂತೆ ಚಣ ತಡೆದು
ರಿಷಭಕ್ಕೆ ತಿರುಗಿಬಿಟ್ಟಳು.
ಆಕೆ ಮುಟ್ಟದ ಸ್ವರವನ್ನು ನಾನು ಮುಟ್ಟಿದೆ,
ಮುಟ್ಟಿದ್ದು ಆಕೆಯೇ ಎನ್ನುವಷ್ಟು ಮೆಲ್ಲಗೆ.
ವಾಹ್, ಅಂದರು ವಕೀಲರು.
ನನ್ನ ಕಸುಬೆಂದರೆ ಇಷ್ಟೇ.
ಆ ಬ್ಯಾಂಕಿನ ಹುಡುಗಿಗೆ ಇದನ್ನು ಹೇಳಬಹುದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ
ಈರುಳ್ಳಿಯ ರೇಟಿನ ಬಗ್ಗೆ ಮಾತಾಡಿದೆವು.

ಮಂಗಳವಾರ ರಿಯಾಜಿಗೆ ಕೂತಾಗ
ಅಭ್ಯಾಸದಂತೆ ಕಪ್ಪು ನಾಲ್ಕರ ಮೇಲೆ ಬೆರಳಿಟ್ಟೆ.
ಬುಡೇನ್‌ಸಾಬರು ಗವಸು ಬಿಚ್ಚಿದರು: ಹೊಸ ತಬಲಾ,
ಬಾಯಿ ಅರ್ಧ ಇಂಚು ಅಗಲ.
ಎಲ್ಲಿಂದ? ಒಂದೊಂದು ರೂಪಾಯಿ ಕೂಡಿಟ್ಟಿದ್ದೆನಲ್ಲ, ಅಂದರು.
ಆ ರೂಪಾಯಿಗಳಿಗೆ ಅದರ ಬಾರೂ ಬರುವುದಿಲ್ಲ.
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸೂರಿನ ಕಡೆ ನೋಡಿ,
"ಚರ್ಮ ಏರವಲ್ದು ನೋಡ್ರಿ, ಥಂಡಿ ಹವಾ" ಎಂದರು.
ಹೊರಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.
ಹಾಲಮ್ಮ ಬಿಸಿನೀರಿನ ಲೋಟ ಕೆಳಗಿಟ್ಟು
ಅವರನ್ನು ನೋಡಿದಳು, ನನ್ನನ್ನು ನೋಡಲಿಲ್ಲ.
"ಹಂಗಾದ್ರೆ ಅಲ್ಲೇ ಇರ್ಲಿ ಬಿಡ್ರಿ."

ನನ್ನ ಬೆರಳು ಕಪ್ಪಿನಿಂದ ಇಳಿದು
ಎಡಕ್ಕಿರುವ ಬಿಳಿಯ ಮೇಲೆ ಕೂತಿತು.
ಬಿಳಿ ಐದು.
ಇಪ್ಪತ್ತೊಂಬತ್ತು ವರ್ಷ ಬಿಳಿಯಾಗಿದ್ದ ತೀವ್ರ ಮಧ್ಯಮ
ನಿಂತ ನಿಲುವಿನಲ್ಲೇ ಕಪ್ಪಾಯಿತು; ಬೆರಳುಗಳು
ಬೇರೆ ಊರಿನ ಓಣಿಯಲ್ಲಿ ಮನೆ ಹುಡುಕುತ್ತಿವೆ.
ಮತ್ತೆ ಆ ಕೆಮ್ಮುವ ರೀಡು, ಜಾರಿ ದಾಟುತ್ತಿದ್ದ ನಿಷಾದ,
ಅದೇ ಈಗ ಷಡ್ಜ.
ಇನ್ನು ಅದರ ಮೇಲೆ ನಿಲ್ಲದೆ ಗತಿಯಿಲ್ಲ.

ನಸುಕಿನ ನಾಲ್ಕಕ್ಕೆ ಭಟ್ಟಿ ಹೊತ್ತಿಕೊಂಡಿದೆ.
ಹಲಗೆ ಬಿಚ್ಚಿ ಕೂತಿದ್ದೇನೆ, ಕೈಯಲ್ಲಿ ಚಿಂದಿ.
ಶನಿವಾರ ಹರಿಹರದಲ್ಲಿ ಕಾರ್ಯಕ್ರಮವಿದೆ.