ಚೌಕಟ್ಟಿನವನ ಲೆಕ್ಕದ ಪುಸ್ತಕ

ಯಾಸ್ನಾಳ ಮನಸ್ಸು ಹೇಗಿದೆಯೆಂದು
ಅವಳ ವೈದ್ಯರಿಗಿಂತ ಮೊದಲು
ನನ್ನ ಅಳತೆಪಟ್ಟಿಗೆ ಗೊತ್ತಾಗುತ್ತಿತ್ತು.

ಪುಂಟಾ ಅರೇನಾಸಿನಲ್ಲಿ ಬೇಸಿಗೆಯೆಂದರೆ ಗಾಳಿ.
ಬೀದಿ ತಿರುವಿನಲ್ಲಿ ಹಗ್ಗ ಕಟ್ಟಿರುತ್ತಾರೆ
ಜನ ಹಿಡಿದು ನಡೆಯಲಿ ಎಂದು.
ಅವಳು ಹಿಡಿದದ್ದನ್ನು ನಾನು ಕಂಡಿಲ್ಲ.
ರಾತ್ರಿ ಹತ್ತಾದರೂ ಆರದ ಬೆಳಕಿನಲ್ಲಿ
ಬಾಗಿಲು ದೂಡಿ ನುಗ್ಗುವಳು,
ಕೂದಲಲ್ಲಿ ಹಳದಿ, ಕಿವಿಯ ಸಂದಿಯಲ್ಲಿ ಹಳದಿ.
‘ಎಲಾಡಿಯೊ, ಆಳೆತ್ತರದ್ದು ಬೇಕು, ನಾಳೆಗೇ ಬೇಕು,
ಒಂದಲ್ಲ, ಏಳು!’
ಅಷ್ಟು ಲೆಂಗಾ ಮರ ನನ್ನಲ್ಲಿಲ್ಲ ಎಂದರೆ
‘ಬಂದರಲ್ಲಿ ಹಡಗಿದೆಯಲ್ಲ, ಒಡೆದುಕೊಂಡು ಬಾ.’
ಮೇಜಿನ ಮೇಲೆ ಸುರಿದು ಹೋದ ನೋಟುಗಳು
ಮನೆಬಾಡಿಗೆಯವು ಎಂದು
ಮರುದಿನ ತಂಗಿ ಮಿಲ್ಕಾ ಬಂದು ಹೇಳಬೇಕು,
ನಾನು ಎಣಿಸಿ ವಾಪಸು ಕೊಡಬೇಕು.

ಜೂನ್‌ನಲ್ಲಿ ಸೂರ್ಯ
ಒಲ್ಲದ ನೆಂಟನ ಹಾಗೆ ಹತ್ತಕ್ಕೆ ಬಂದು
ಕೂತ ಶಾಸ್ತ್ರ ಮಾಡಿ ಐದಕ್ಕೆ ಎದ್ದು ಹೋಗುತ್ತಾನೆ.
ಆಗ ಬರುವವಳು ಮಿಲ್ಕಾ ಒಬ್ಬಳೇ.
ಚೀಲದಿಂದ ಬೆಂಕಿಪೊಟ್ಟಣದಷ್ಟು ಹಲಗೆ ತೆಗೆದು ಇಡುವಳು.
ಅದರಲ್ಲಿ ಬೂದು. ಬೂದಿನೊಳಗೆ ಇನ್ನೊಂದು ಬೂದು.
ಕಣ್ಣು ಸೋಲುವ ತನಕ ನೋಡಿದರೆ ಒಂದು ಲೋಟ,
ತಳದಲ್ಲಿ ಯಾರೋ ಕುಡಿಯದೆ ಬಿಟ್ಟ ನೀರು.
‘ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.
ಇಷ್ಟಕ್ಕೆ ಒಂದು ತಿಂಗಳು ಹಿಡಿಯಿತು.’
ಇಂಥವಕ್ಕೆ ನಾನು ಅಗಲವಾದ ಚೌಕಟ್ಟು ಹಾಕುತ್ತಿದ್ದೆ,
ಚಳಿಯ ಕೂಸಿಗೆ ಅಪ್ಪನ ಕೋಟು ಹೊದಿಸಿದ ಹಾಗೆ.

ಹದಿನಾಲ್ಕು ವರ್ಷದ ಪುಸ್ತಕದಲ್ಲಿ ಅಂಕಿಗಳೇ ಅವಳ ನಾಡಿ:
ಇನ್ನೂರ ಹತ್ತು, ಇನ್ನೂರ ಹತ್ತು, ನೂರ ಎಂಬತ್ತು,
ಒಂಬತ್ತು, ಏಳು,
ಆಮೇಲೊಂದು ಖಾಲಿ ಪುಟ.
ಆ ಪುಟದ ಸುದ್ದಿ ಮಿಲ್ಕಾ ಹೇಳಿದ್ದಾಳೆ,
ನಾನು ಹೇಳುವವನಲ್ಲ.

ಮಾರ್ಚಿಯಲ್ಲಿ ತಾನೇ ನಡೆದು ಬಂದಳು, ತುಸು ದಪ್ಪಗಾಗಿ,
ಹಗ್ಗ ಹಿಡಿದು.
ಚಹಾ ಕೊಟ್ಟರೆ ಬಟ್ಟಲು ಬಸಿಯ ಮೇಲೆ ಕಟಕಟ ಎಂದಿತು.
‘ಮಾತ್ರೆಯ ಕೊಡುಗೆ,’ ಎಂದು ಕೈ ತೋರಿಸಿದಳು.
‘ಅರವತ್ತು, ಐವತ್ತು.’
‘ಇಷ್ಟೇನಾ?’
‘ಒಂದು ಕಿಟಕಿಯಷ್ಟು. ಸಾಕು.’

ಸಾಂಟಿಯಾಗೊದಿಂದ ವ್ಯಾಪಾರಿ ಬಂದ.
ಎಲೆಕೋಸಿನ ಚಿತ್ರ, ತಗಡಿನ ಮಾಡಿನ ಚಿತ್ರ
ಒಂದೊಂದಾಗಿ ಗೋಡೆಗೆ ಒರಗಿಸಿ ನೋಡಿ
ನನ್ನ ಪಕ್ಕ ಬಂದು ದನಿ ತಗ್ಗಿಸಿ ಕೇಳಿದ:
‘ಅವಳಿಗೆ ಮತ್ತೆ ಹಾಗೆ ಆಗುವುದು ಯಾವಾಗ?
ಮಧ್ಯೆ ಮಾತ್ರೆ ಬಿಡುವುದುಂಟಾ?’
ಏಡಿ ಹಿಡಿಯುವ ಕಾಲ ಯಾವಾಗ ಶುರು
ಎಂದು ಬಂದರಿನಲ್ಲಿ ವಿಚಾರಿಸುವ ಹಾಗೆ.

ತೋಪಡ ಹಿಡಿದಿದ್ದೆ. ಹೆರೆಯುತ್ತಲೇ ಇದ್ದೆ.
ಸುಮ್ಮನಿದ್ದದ್ದು ಸಿಟ್ಟಿಗಲ್ಲ.
ನನಗೂ ಆ ಹಳದಿಯ ಆಸೆ ಇತ್ತು.
ಬಾಕಿಗೆಂದು ಅವಳು ಕೊಟ್ಟದ್ದೊಂದು ನನ್ನ ಮನೆಯಲ್ಲಿದೆ;
ನಿದ್ದೆ ಕೆಡಿಸುತ್ತದೆಂದು ಹೆಂಡತಿ ಪರದೆ ಎಳೆದಿದ್ದಾಳೆ,
ಕೆಲವು ರಾತ್ರಿ ಕಳ್ಳನಂತೆ ಸರಿಸಿ ನೋಡುತ್ತೇನೆ.

ಅದನ್ನೂ ಅವಳಿಗೆ ಹೇಳಿಬಿಟ್ಟೆ. ನಕ್ಕಳು.
‘ಅದನ್ನು ಬಳಿಯುವಾಗ ನಾನು ನೋಡುತ್ತಲೇ ಇರಲಿಲ್ಲ ಮಾರಾಯ,
ಸುರಿಯುತ್ತಿದ್ದೆ, ಅಷ್ಟೆ.
ಈಗ ನೋಡುತ್ತೇನೆ. ಬೇಜಾರಾಗುತ್ತದೆ.
ಎಲೆಕೋಸಿಗೂ ಬೇಜಾರೇ ಇರಬೇಕು,
ಆದರೂ ಎಷ್ಟು ಬಗೆಯ ಹಸಿರು ಇಟ್ಟುಕೊಂಡು ಕೂತಿದೆ!’
ತಗಡಿನ ಅಂಚು ನಡುಗಿದೆಯಲ್ಲ ಎಂದರೆ
‘ಈ ಊರಲ್ಲಿ ನೆಟ್ಟಗೆ ಗೆರೆ ಎಳೆದವನು
ಹೊರಗೆ ಬಂದೇ ಇಲ್ಲ.’

ನಿನ್ನೆ ತಂದದ್ದು: ಬೀದಿ ತಿರುವು,
ಗಾಳಿಯಿಲ್ಲದ ದಿನ, ಜೋತು ಬಿದ್ದ ಹಗ್ಗ,
ಹಿಡಿಯಲು ಯಾರೂ ಇಲ್ಲ.
ಕೆಳಗೆ ಬಲಮೂಲೆಯಲ್ಲಿ
ಉಗುರಿನಷ್ಟು ಹಳದಿ.

ನೋಡಿದೆ. ಕೇಳಲಿಲ್ಲ.
ಮಿಲ್ಕಾಗೆ ಫೋನು ಮಾಡಲೆ ಎಂದು ಎದ್ದವನು ಕೂತೆ.
ಮರದ ಅಂಚು ಅದರ ಮೇಲೆ ಬರುತ್ತಿತ್ತು;
ಅರ್ಧ ಸೆಂಟಿಮೀಟರು ಹೊರಗೆ ಸರಿಸಿ
ಮೊಳೆ ಹೊಡೆದೆ.