ಪಾಚ್ಛಾಪೂರಕ್ಕ ಎರಡು ಟಿಕೀಟು

ಎರಡನೇ ಗೇಟು ಬಿದ್ದಾಗೊಮ್ಮೆ ನಮ್ಮ ಲೆಕ್ಕ ನಿಲ್ಲತೈತಿ.
ಮೀರಜ ಗಾಡಿ ದಾಟೂ ತನಕ
ಬಶಿಯೊಳಗಿನ ಚಹಾ ನಡಗತೈತಿ,
ತ್ರಿಶಲಾ ಪೆನ್ನಿನ ತುದಿ ಕಚ್ಚಿಕೋತ
ಡಬ್ಬಿ ಎಣಸತಾಳ, ಹಳೇ ಚಟ.
"ಹದಿನೇಳು" ಅಂತಾಳ, ಮತ್ತ ಹಾಳಿಗೆ ಬರತಾಳ.

ಹಾಳಿ ಅಂದ್ರ ಹೋದ ವರ್ಷದ ಕ್ಯಾಲೆಂಡರಿನ ಬೆನ್ನು.
ಅದರ ಮ್ಯಾಲ ಸ್ವಿಟ್ಜರ್ಲೆಂಡು:
ಮೂರು ಕೆರಿ, ನಾಕು ಗುಡ್ಡ, ಎಂಟು ದಿನ.
ಸರೋವರ ಅನ್ನಾಂಗಿಲ್ಲ ಆಕಿ.
"ನಮ್ಮ ಕೋಟೆಕೆರೀನೂ ಕೆರಿ, ಲೂಸರ್ನಿನದೂ ಕೆರಿ.
ನೀರು ಜಾಸ್ತಿ, ಅಷ್ಟ."

ಪೂರಾ ಪಾಸು ತಗೊಂಡ್ರ ರೈಲು, ಬಸ್ಸು, ಬೋಟು ಎಲ್ಲಾ ಬಂತು;
ರಿಗಿ ಗುಡ್ಡ ಪುಕ್ಕಟ, ಪಿಲಾಟಸ್ ಅರ್ಧ,
ಆ ಬರ್ಫಿನ ದೊಡ್ಡ ಗುಡ್ಡಕ್ಕ ಮಾತ್ರ
ಮತ್ತ ಗಂಟು ಬಿಚ್ಚಬೇಕು.
ಅರ್ಧ ದರದ ಕಾರ್ಡು ಅಗ್ಗ,
ಆದ್ರ ಪ್ರತಿ ಸಲ ಕಿಡಕಿ ಮುಂದ ನಿಂತು
ಈ ಗುಡ್ಡ ಇಷ್ಟಕ್ಕ ಬಾಳತೈತೇನು ಅಂತ ಕೇಳಕೋಬೇಕು.
ಒಂದೊಂದು ದಿನದ್ದು ಮುಂಚೇನ ತಗದಿಟ್ರ ಸೋವಿ,
ಮಳಿ ಬಂತೋ, ಹೋತು.
"ಹವಾ ನೋಡಿ ಟಿಕೀಟು ತಗೀಬೇಕೋ,
ಟಿಕೀಟು ತಗದು ಹವಾಕ್ಕ ಕೈಮುಗೀಬೇಕೋ?"

ಪಾಸಿನ ವಿಷಯ ನಮಗ ಯಾರೂ ಕಲಸೂದು ಬ್ಯಾಡ.
ಹತ್ತೊಂಬತ್ತು ವರ್ಷ, ಬೆಳಗಾವಿ ಘಟಪ್ರಭಾ, ತಿಂಗಳ ಪಾಸು.
ಆಕಿ ದವಾಖಾನಿ ಔಷಧ ಕಿಡಕ್ಯಾಗ, ನಾ ಪೋಸ್ಟಿನ್ಯಾಗ.
ರಟ್ಟಿನ ಪಾಸು ಬೆವರಿಗೆ ಮೆತ್ತಗಾಗಿ
ತಿಂಗಳ ಕೊನಿಗೆ ಹಪ್ಪಳದ ಹಿಟ್ಟಿನಂಗ ಆಗತಿತ್ತು.
ಎಷ್ಟು ದಿನ ಹೋದ್ರ ಗಿಟ್ಟತೈತಿ,
ದೀಪಾವಳಿ ತಿಂಗಳದಾಗ ತಗೀಬೇಕೋ ಬಿಡಬೇಕೋ,
ಎಲ್ಲಾ ಮೆಂತೆ ಸೋಸಕೋತ
ಹೆಂಗಸರ ಡಬ್ಬ್ಯಾಗ ಬಗೆಹರಿಸಿದವರು ನಾವು.

ಈಗಿನ ಜಗಳ ಒಂದ ಮಾತಿಗೆ.
ಎಂಟು ದಿನದ್ದು ತಗೊಂಡ್ರ ಎಂಟೂ ದಿನ ಹೊರಬೀಳಬೇಕು,
ಇಲ್ಲಾಂದ್ರ ಲುಕ್ಸಾನ, ಅಂತೀನಿ ನಾ.
"ನನ್ನ ಮೊಣಕಾಲಿಗೆ ಕೇಳಿದಿಯೇನು?" ಅಂತಾಳ ಆಕಿ.

ಜೂನ್ ತಿಂಗಳದಾಗ ಅಲ್ಲಿ ಹೊತ್ತು ಮುಳುಗೂದು
ಒಂಬತ್ತು ದಾಟಿದ ಮ್ಯಾಲ ಅಂತ ಗೊತ್ತಾದ ದಿನ
ತ್ರಿಶಲಾ ಕಣ್ಣೀರು ಬರೂ ಹಂಗ ನಕ್ಕಳು.
ಹುಟ್ಟಿದಾಗಿಂದ ದೀಪ ಹಚ್ಚೂದ್ರೊಳಗ ಉಂಡು ಕೈ ತೊಳದಾಕಿ.
"ಗುಡ್ಡ ಇಳದು, ಬೋಟು ದಾಟಿ, ಖೋಲಿಗೆ ಬಂದು
ನಿವಾಂತ ರೊಟ್ಟಿ ಶೇಂಗಾಹಿಂಡಿ ತಿಂದ್ರೂ
ಸೂರ್ಯ ಇನ್ನೂ ನನಗ ಕಾಯಕೋತ ಕುಂತಿರತಾನ!"
ಹಾಳಿ ಮ್ಯಾಲ ಮೊದಲ ಸಲ
ರೊಕ್ಕ ಅಲ್ಲದ್ದೊಂದು ಅಂಕಿ ಬರದಳು.

ಮತ್ತ ಗೇಟು ಬಿತ್ತು. ಮಾಲಗಾಡಿ.
ಎಣಸಲಿಲ್ಲ ಆಕಿ.
"ನಮ್ಮ ಪಾಸಿನ್ಯಾಗ ಪಾಚ್ಛಾಪೂರ ಬರತಿತ್ತಲ್ಲ?"
ಬರತಿತ್ತು. ಸುಳೇಭಾವಿ, ಗೋಕಾಕ ರೋಡು,
ಎಲ್ಲಾ ಬರತಿತ್ತು.
"ಯಾವತ್ತರ ಇಳದೇವೇನು?"

ಇಳದಿಲ್ಲ.
ಪಾಚ್ಛಾಪೂರದ ಹತ್ರ ಕಿಡಕಿಗೆ ಹೊಳಿ ಬರತಿತ್ತು,
ದಂಡಿ ಮ್ಯಾಲೊಬ್ಬ ಹುಡುಗ ಎಮ್ಮಿ ತೊಳೀತಿದ್ದ,
ಹತ್ತೊಂಬತ್ತು ವರ್ಷ ಅದ ಹುಡುಗ ಅಂತ ನಮ್ಮ ಲೆಕ್ಕ.
ಹಾಜರಿ ಪುಸ್ತಕಕ್ಕ ಹೆದರಿ
ಊಟದ ಡಬ್ಬಿ ಬಿಗಿ ಹಿಡಕೊಂಡು ಮುಂದ ಹೋಗತಿದ್ದಿವಿ.

ಇವತ್ತು ಮುಂಜಾನೆ ಎರಡು ಟಿಕೀಟು ತಗೊಂಡಿವಿ.
ಪಾಸಲ್ಲ. ಹೋಗೂದಷ್ಟ.
ರಿಟರ್ನ್ ಬ್ಯಾಡೇನ್ರಿ ಅಂತ ಎರಡು ಸಲ ಕೇಳಿದಳು
ಕೌಂಟರಿನ ಹುಡುಗಿ.
ಇಳದಿವಿ. ಗಾಡಿ ನಮ್ಮನ್ನ ಬಿಟ್ಟು ಹೋತು,
ನಮ್ಮ ಸೀಟು ಒಯ್ದು ಹೋದಂಗ ಅನಸ್ತು.
ಬೇವಿನ ನೆಳ್ಳು, ಒಂದು ನಾಯಿ, ನಾವಿಬ್ಬರು.
ಹಸಿರು ನಿಶಾನಿ ಸುತ್ತಕೋತ ಬಂದವ ಕೇಳಿದ,
"ಯಾರ ಮನಿಗೆ ಬಂದೀರಿ ಬಾಯಾರ?"

"ಯಾರ ಮನಿಗೂ ಇಲ್ಲ" ಅಂದು ತ್ರಿಶಲಾ
ನೆರಿಗಿ ಎತ್ತಿ ಸಿಗಿಸಿ ಹೊಳಿ ದಿಕ್ಕಿಗೆ ನಡದಳು,
ಮೊಣಕಾಲು ಎಲ್ಲೀತನಕ ಒಪ್ಪತೈತಿ ನೋಡಾಕ.
ನನ್ನ ಚೀಲದಾಗ ಹಾಳಿ ಹಂಗ ಐತಿ,
ಎಂಟು ಹೊಡದು ಆರು, ಆರರ ಮ್ಯಾಲೂ ಒಂದು ಗೀಟು.
ತಿರುಗಿ ಬರೂ ಗಾಡಿ ಮೂರೂವರಿಗಂತ.
ಇನ್ನೂ ಹತ್ತು ಹೊಡದಿಲ್ಲ.