ಎಂಟನೆಯ ಸಲ

ಕಂಡಕ್ಟರ್ ಅಂದರೆ ನನಗೆ ಇಷ್ಟು ದಿನ
ಟಿಕೆಟ್ ಹರಿಯುವವನೇ.
ಈತನ ಕೈಯಲ್ಲಿ ಬರೀ ಒಂದು ಕಡ್ಡಿ,
ಎದುರಿಗೆ ನಾನೇ ಹಾಕಿದ ತೊಂಬತ್ತಾರು ಕುರ್ಚಿ.

ನಾರಿಮನ್ ಪಾಯಿಂಟಿನ ಉಪ್ಪುಗಾಳಿಗೆ
ತಂತಿಗಳೆಲ್ಲ ಸಡಿಲ. ಬಿಗಿಯುತ್ತ ಬೈಯುತ್ತಾರೆ
ಯಾವುದೋ ಹಿಮದೂರಿನ ಭಾಷೆಯಲ್ಲಿ.

ಮಧ್ಯಾಹ್ನ ತಾಲೀಮು: ನಮ್ಮ ರಾಷ್ಟ್ರಗೀತೆ.
ಖಾಲಿ ಸಭಾಂಗಣದಲ್ಲಿ ಗಜರಾಬಾಯಿ
ಪೊರಕೆ ಗೋಡೆಗೊರಗಿಸಿ ನೆಟ್ಟಗೆ ನಿಂತಳು.
ಎರಡು ಸಾಲಿಗೇ ಕಡ್ಡಿ ತಟ್ಟಿ ನಿಲ್ಲಿಸಿದ,
ಕಹಳೆ ತಡವಂತೆ.
ಅವಳು ಬಗ್ಗಿ ಗುಡಿಸಿದಳು.
ಮತ್ತೆ ಶುರು, ಮತ್ತೆ ನಿಂತಳು.
ಪಿಟೀಲು ಜೋರಂತೆ. ಗುಡಿಸಿದಳು.
ಹೀಗೆ ಏಳು ಸಲ.
'ಸೊಂಟ ಹೋಯ್ತು ರೇ ಬಾಬಾ' ಅಂತ
ನನ್ನತ್ತ ಹಲ್ಲು ಕಿರಿದಳು,
ಪೊರಕೆ ಮಾತ್ರ ಪ್ರತಿ ಸಲವೂ ಗೋಡೆಗೆ.

ಆಗ ಆತ ತಿರುಗಿ ನೋಡಿದ.
ಪಕ್ಕದವನನ್ನು ಏನೋ ಕೇಳಿದ; ಕಿವಿ ಕೆಂಪಾಯಿತು.
ಎಂಟನೆಯ ಸಲ
ಕಹಳೆ ಮತ್ತೆ ತಡವಾಯಿತು, ನಿಲ್ಲಿಸಲಿಲ್ಲ.
ಬೆನ್ನು ವಾದ್ಯದವರಿಗೆ, ಮುಖ ಅವಳಿಗೆ,
ಕೊನೆಯ ಜಯದವರೆಗೂ.

ಸಂಜೆ ರಾಯಭಾರಿಗಳು
ಎರಡು ದೇಶಗಳ ಸ್ನೇಹದ ಬಗ್ಗೆ
ಹದಿನೇಳು ನಿಮಿಷ ಮಾತಾಡಿದರು.
ಅಷ್ಟರಲ್ಲಿ ಗಜರಾಬಾಯಿ
ಚರ್ಚ್‌ಗೇಟಿನಲ್ಲಿ ವಿರಾರ್ ಲೋಕಲ್ ಹತ್ತಿದ್ದಳು.
ಅಲ್ಲೂ
ನಿಂತೇ ಹೋಗಿರುತ್ತಾಳೆ.